ದರೆ ಮೇಲೆ ಸಿಕ್ಕ ಅರ್ಧ ಹಾಡು

2024ರ ಗೌರಿ ಹಬ್ಬದ ದಿನ ನಾನು ಎದ್ದಿದ್ದು ಬೆಳಗಿನ ಜಾವ ಮೂರು ಗಂಟೆಗೆ. ಪೂಜೆಗಲ್ಲ. ಲಿಂಕಿನ್ ಪಾರ್ಕ್ ಅನ್ನುವ ಅಮೆರಿಕದ ರಾಕ್ ಬ್ಯಾಂಡಿಗೆ.

ನಮ್ಮ ಮನೆ ಸಾಗರದಿಂದ ಹೊಸನಗರದ ಕಡೆ ಹೋಗುವ ದಾರಿಯಲ್ಲಿ, ಡಾಂಬರು ಬಿಟ್ಟು ಒಳಗೆ. ಮನೆಯೊಳಗೆ ಫೋನು ಬರೀ ಗಡಿಯಾರ. ಸಿಗ್ನಲ್ ಬೇಕೆಂದರೆ ಕೊಟ್ಟಿಗೆ ಹಿಂದಿನ ದರೆ ಹತ್ತಬೇಕು. ಅಲ್ಲಿ ಹಲಸಿನ ಮರದ ಬುಡದಲ್ಲಿ ನಿಂತರೆ ಎರಡು ಕಡ್ಡಿ ಬರುತ್ತದೆ. ಒಂದು ಹೆಜ್ಜೆ ಆಚೆ ಇಟ್ಟರೆ ಅದೂ ಇಲ್ಲ.

ಹುಬ್ಬೆ ಮಳೆ ಹೊಯ್ಯುತ್ತಿತ್ತು. ನಾನು ಕೊಡೆ ಹಿಡಿದಿದ್ದೆ. ಚಿಕ್ಕಪ್ಪನ ಮಗ ಫೋನು ಹಿಡಿದಿದ್ದ. ಅವನಿಗೆ ಹತ್ತೊಂಬತ್ತು ವರ್ಷ, ನನಗೆ ನಲವತ್ತು. ಅವನು ಹುಟ್ಟುವ ಹೊತ್ತಿಗೆ ನಾನು ಮೆಚ್ಚಿದ ಎರಡು ಆಲ್ಬಂ ಆಗಲೇ ಹಳತಾಗಿದ್ದವು. ಆದರೂ ಬಂದಿದ್ದ. ಕಾಲಿಗೆ ಉಂಬಳ ಹತ್ತದಿರಲಿ ಅಂತ ಇಬ್ಬರೂ ಸುಣ್ಣ, ಹೊಗೆಸೊಪ್ಪು ಸವರಿಕೊಂಡಿದ್ದೆವು. ರಾಕ್ ಸಂಗೀತ ಕೇಳಲು ಜಗತ್ತಿನಲ್ಲಿ ಬೇರೆ ಯಾರೂ ಹೀಗೆ ತಯಾರಾಗಿರಲಿಕ್ಕಿಲ್ಲ.

ಅದರ ಹಿಂದಿನ ವಾರವೇ ಒಂದು ತಮಾಷೆ ಆಗಿತ್ತು. ಬ್ಯಾಂಡಿನವರು 100 ಗಂಟೆಯ ಗಡಿಯಾರ ಹಾಕಿ ಇಳಿಸುತ್ತಾ ಬಂದರು. ನಾವೆಲ್ಲ ಕಾದು ಕೂತೆವು. ಸೊನ್ನೆಗೆ ಬಂತು. ಏನೂ ಆಗಲಿಲ್ಲ. ಗಡಿಯಾರ ಸುಮ್ನೆ ಮೇಲಕ್ಕೆ ಎಣಿಸತೊಡಗಿತು! ಸಿಟ್ಟು ಬಂದು, ಇನ್ನು ಇವರ ಸಹವಾಸ ಸಾಕು ಅಂದುಕೊಂಡಿದ್ದೆ. ಒಂದೇ ವಾರದಲ್ಲಿ ದರೆ ಹತ್ತಿದ್ದೆ.

ಅಮೆರಿಕದಲ್ಲಿ ಸೆಪ್ಟೆಂಬರ್ 5ರ ಮಧ್ಯಾಹ್ನ ಅಂದರೆ ನಮಗೆ 6ರ ಮೂರೂವರೆ. ನೇರ ಪ್ರಸಾರ ಶುರುವಾಯಿತು. ಮೊದಲೇ ಹೊಸ ಹಾಡು, 'ದಿ ಎಂಪ್ಟಿನೆಸ್ ಮೆಷೀನ್'. ಬ್ಯಾಂಡಿನ ಹಳಬ ಮೈಕ್ ಶಿನೋಡಾ ಒಬ್ಬನೇ ಎತ್ತಿಕೊಂಡ. ಮೊದಲ ಚರಣ ಅವನದು, ಪಲ್ಲವಿಯೂ ಅವನದು. ಓ, ಹಾಗಾದರೆ ಇನ್ನು ಇವನೇ ಹಾಡುತ್ತಾನೆ, ತೀರಿಹೋದ ಹಾಡುಗಾರ ಚೆಸ್ಟರ್ ಜಾಗ ಖಾಲಿಯೇ ಇರುತ್ತದೆ ಅಂದುಕೊಂಡೆ. ಒಳಗೊಳಗೇ ಸಮಾಧಾನ ಆಯಿತು, ಸುಳ್ಳು ಹೇಳಲ್ಲ.

"ಅಣ್ಣ, ಹುಡುಗಿ!" ಅಂದ ತಮ್ಮ.

ಅಷ್ಟರಲ್ಲಿ ಚಿತ್ರ ನಿಂತಿತು. ಅರ್ಧ ಬಾಯಿ ತೆರೆದ ಒಬ್ಬ ಹೆಂಗಸು, ಅವಳ ಮೇಲೆ ಸುತ್ತುವ ಉರುಟು. ಕೊಡೆ ಮೇಲೆ ಮಳೆ. ಇಬ್ಬರೂ ಹಲಸಿನ ಮರ ಸುತ್ತಿದೆವು. ಫೋನನ್ನು ಕೋಲಿಗೆ ಕಟ್ಟಿ ಎತ್ತುವ ಯೋಚನೆಯೂ ಬಂತು. ಆರು ನಿಮಿಷ ಬಿಟ್ಟು ಬಂದಾಗ ಅವಳು ಹಳೆಯ ಹಾಡೊಂದನ್ನು ಹಾಡುತ್ತಿದ್ದಳು. ಎದುರಿಗಿದ್ದ ಜನ ಅವಳಿಗಿಂತ ಜೋರಾಗಿ ಹಾಡುತ್ತಿದ್ದರು. ಹೊಸ ಹಾಡು ನನಗೆ ಸಿಕ್ಕಿದ್ದು ಅರ್ಧ.

ಕೆಳಗೆ ಬಂದಾಗ ಅಮ್ಮ ಎದ್ದು ಬಚ್ಚಲ ಒಲೆಗೆ ಬೆಂಕಿ ಹಾಕುತ್ತಿದ್ದಳು. ತಮ್ಮ ಉಳಿಸಿಕೊಂಡಿದ್ದ ಚೂರನ್ನು ಕೇಳಿಸಿದ. ಅಮ್ಮ ಕಿವಿಗೊಟ್ಟು ಕೇಳಿದಳು.

"ಹೆಂಗಸಾ ಇದು? ಇಷ್ಟು ಕೂಗಿದ್ರೆ ಗಂಟಲು ಎಂತ ಆಗ್ಬೇಕು? ಶುಂಠಿ ಕಷಾಯ ಮಾಡ್ಕೊಡೋರು ಯಾರಾದ್ರೂ ಇದ್ದಾರಾ ಅವಳಿಗೆ?"

ಆ ದಿನ ನಾನು ಕೇಳಿದ ವಿಮರ್ಶೆಗಳಲ್ಲಿ ಇದೇ ಮೇಲು.

ಅವಳ ಹೆಸರು ಎಮಿಲಿ ಆರ್ಮ್‌ಸ್ಟ್ರಾಂಗ್. ಡೆಡ್ ಸಾರಾ ಅನ್ನುವ ಬ್ಯಾಂಡಿನವಳು. ಹೊಸ ಆಲ್ಬಂ ನವೆಂಬರ್ 15ಕ್ಕೆ ಅಂತಲೂ ಅಂದೇ ಗೊತ್ತಾಯಿತು. ಹೆಸರು 'ಫ್ರಮ್ ಝೀರೋ'.

ಮಧ್ಯಾಹ್ನ ಸಾಗರಕ್ಕೆ ಹೋಗಿ ಗಣಪತಿ ತರುವುದಿತ್ತು. ಅಪ್ಪಯ್ಯ ತಿಂಗಳ ಹಿಂದೆಯೇ ಗುಡಿಗಾರರ ಮನೆಗೆ ಮಣೆ ಕೊಟ್ಟು ಬಂದಿದ್ದರು. ಕಾರು ತಂದವನು ಸೊರಬ. ಇದು ಅವನ ಹೆಸರಲ್ಲ, ಊರು. ಶಿವಮೊಗ್ಗದಲ್ಲಿ ಓದುವಾಗ ರೂಮಿನಲ್ಲಿ ಊರಿನ ಹೆಸರೇ ಎಲ್ಲರಿಗೂ ಹೆಸರು. ಕಾರಿನ ಹಿಂದೆ ಆಗಲೇ ಕೂತಿದ್ದವನು ಕೊಪ್ಪ. ಅವನ ಮಾವನ ಮನೆ ಸಾಗರ, ಹಬ್ಬಕ್ಕೆ ಬೆಂಗಳೂರಿಂದ ಬಂದಿದ್ದ.

ವಿನೋಬನಗರದ ಆ ರೂಮಿನ ಬಗ್ಗೆ ಒಂದು ಮಾತು. 2001ರಿಂದ ನಾಲ್ಕು ವರ್ಷ ಅಲ್ಲಿದ್ದೆವು. ಈ ಬ್ಯಾಂಡಿನ ಆಲ್ಬಂ 'ಹೈಬ್ರಿಡ್ ಥಿಯರಿ' ಬಂದು ಆಗಲೇ ಒಂದು ವರ್ಷ ಆಗಿತ್ತು. ಕೊಪ್ಪ ದುರ್ಗಿಗುಡಿಯಿಂದ ಅದರ ಕ್ಯಾಸೆಟ್ ತಂದಿದ್ದ. ಒಂದೇ ವಾಕ್‌ಮನ್, ಇಯರ್‌ಫೋನಿನ ಎರಡು ಕಿವಿ. ಮೂರನೆಯವನು ಕಾಯಬೇಕು. ಸೆಲ್ಲು ಸೋತರೆ ಬಿಸಿಲಿಗಿಟ್ಟು ಮತ್ತೆ ಹಾಕುವುದು. ಮಳೆಗಾಲದಲ್ಲಿ ಸೀಮೆಎಣ್ಣೆ ಸ್ಟೌ ಪಕ್ಕ. 2003ರಲ್ಲಿ 'ಮೀಟಿಯೋರಾ' ಬಂತು. ಚೆಸ್ಟರ್ ಬೆನಿಂಗ್ಟನ್ ಕಿರುಚಿದರೆ ನಮಗೆ ಇಂಟರ್ನಲ್ಸ್ ಹೋದ ದುಃಖ ಅರ್ಧಕ್ಕಿಳಿಯುತ್ತಿತ್ತು.

ಆಮೇಲೆ ಅವರು ಬದಲಾಗುತ್ತಲೇ ಹೋದರು. 2007ರಲ್ಲಿ ರ‍್ಯಾಪ್ ಕಮ್ಮಿಯಾಯಿತು. 2010ರ 'ಎ ಥೌಸಂಡ್ ಸನ್ಸ್'ನಲ್ಲಿ ಗಿಟಾರನ್ನು ಹುಡುಕಬೇಕು, ಬದಲಿಗೆ ಅಣುಬಾಂಬಿನ ವಿಜ್ಞಾನಿ ಓಪನ್‌ಹೈಮರ್ ಮಾತಾಡುತ್ತಾನೆ. ಕೊಪ್ಪ ಆವತ್ತೇ ಕೈ ಬಿಟ್ಟ. ನನಗೆ ಇವತ್ತಿಗೂ ಅದೇ ಇಷ್ಟ. ಇದನ್ನು ಹೇಳಿದಾಗಲೆಲ್ಲ ಬೈಸಿಕೊಂಡಿದ್ದೇನೆ.

ಕಾರು ಹೊರಟಿತು. ಅಪ್ಪಯ್ಯ ಮುಂದೆ. ಸೊರಬ ಹೊಸ ಹಾಡು ಹಾಕಿದ. ಇಡೀ ಹಾಡನ್ನು ನಾನು ಮೊದಲ ಸಲ ಕೇಳಿದ್ದು ಆಗ.

ಚೆನ್ನಾಗಿತ್ತು. ಸ್ವಲ್ಪ ಜಾಸ್ತಿಯೇ ಚೆನ್ನಾಗಿತ್ತು. ಎಲ್ಲೆಲ್ಲಿ ಗಿಟಾರು ಬರಬೇಕೋ ಅಲ್ಲಲ್ಲೇ ಬಂತು. ಅಳತೆ ಕೊಟ್ಟು ಹೊಲಿಸಿದ ಅಂಗಿ ಹಾಗೆ. ಆದರೆ ಅವಳು ಎರಡನೇ ಚರಣಕ್ಕೆ ಬಂದಾಗ ಧ್ವನಿಯಲ್ಲಿ ಒಂದು ಒರಟು ಇತ್ತು. ಅಲ್ಲಿ ಮಾತ್ರ ನಾನು ಕಿಟಕಿ ಗಾಜು ಏರಿಸಿದೆ.

"ಇದು ಲಿಂಕಿನ್ ಪಾರ್ಕ್ ಅಲ್ಲ," ಅಂದ ಕೊಪ್ಪ. "ಬೇರೆ ಹೆಸರು ಇಟ್ಕೊಳ್ಳಲಿ. ಚೆಸ್ಟರ್ ಇಲ್ಲ. ಡ್ರಮ್ಮಿನವನು ಬದಲು. ಗಿಟಾರಿನ ಬ್ರಾಡ್ ಇನ್ನೂ ಬ್ಯಾಂಡಲ್ಲಿದ್ದಾನಂತೆ, ಸ್ಟೇಜಿಗೆ ಬರಲ್ವಂತೆ. ಇನ್ನೇನು ಉಳೀತು, ಬೋರ್ಡಾ?"

"ಚೆಸ್ಟರ್ ಕೂಡ ಎರಡನೆಯವನೇ," ಅಂದ ಸೊರಬ. "ಮೊದಲು ಇವರ ಹೆಸರು ಝೀರೋ ಅಂತಿತ್ತು. ಆಗ ಹಾಡ್ತಿದ್ದವನು ಮಾರ್ಕ್ ವೇಕ್‌ಫೀಲ್ಡ್. ಅವನು ಬಿಟ್ಟ ಮೇಲೆ 1999ರಲ್ಲಿ ಚೆಸ್ಟರ್ ಬಂದಿದ್ದು. ಈಗಿನ ಆಲ್ಬಂ ಹೆಸರು ನೋಡು, ಅದಕ್ಕೇ ಹಾಗಿಟ್ಟಿದ್ದು."

"ವೇಕ್‌ಫೀಲ್ಡ್ ಹಾಡಿದ್ದು ಎಷ್ಟು ಜನ ಕೇಳಿದ್ರು? ನಿಮ್ಮನೆ ಕೊಟ್ಟಿಗೆಯಲ್ಲಿ ನಾನೂ ಹಾಡ್ತೀನಿ."

"ಹದಿನಾಲ್ಕು ವರ್ಷದಿಂದ ಹಳೇ ಸೌಂಡ್ ಬೇಕು, ಹಳೇ ಸೌಂಡ್ ಬೇಕು ಅಂತ ಬೊಬ್ಬೆ ಹೊಡೆದವನು ನೀನೇ. ಈಗ ತಂದ್ಕೊಟ್ರೆ ಬೇಡ!"

"ಸೌಂಡ್ ಹಳೇದು, ಧ್ವನಿ ಬೇರೆ. ಹೆಂಗಸಿನ ಧ್ವನಿಗೆ ಆ ಹಾಡುಗಳು ಕೂರಲ್ಲ ಮಾರಾಯ."

ಹೀಗೆ ಐದಾರು ಕಿಲೋಮೀಟರ್ ನಡೆಯಿತು. ನಾನು ಬಾಯಿ ತೆರೆಯಲಿಲ್ಲ. ಕೊಪ್ಪ ಎರಡು ಸಲ ನನ್ನ ಮುಖ ನೋಡಿದ. ಯಾಕೆ ಅಂತ ನನಗೆ ಗೊತ್ತಿತ್ತು.

2017ರ ಫೆಬ್ರುವರಿಯಲ್ಲಿ ಸೊರಬನ ಮದುವೆ. ಅದೇ ತಿಂಗಳು ಬ್ಯಾಂಡಿನ ಹೊಸ ಹಾಡು ಬಂದಿತ್ತು. ಹೆಸರು 'ಹೆವಿ'. ಭಾರ. ಗಿಟಾರಿನ ಸದ್ದಿಲ್ಲ, ಕಿರುಚಾಟ ಇಲ್ಲ, ಜೊತೆಗೆ ಒಬ್ಬ ಹುಡುಗಿಯ ಧ್ವನಿ. ರೇಡಿಯೋದಲ್ಲಿ ಬರುವ ಪಾಪ್ ಹಾಡಿನ ಹಾಗೆ. ನಮಗೆಲ್ಲ ಸಿಟ್ಟು. ಮದುವೆಯ ಹಿಂದಿನ ರಾತ್ರಿ ಚಪ್ಪರದಲ್ಲಿ ಹತ್ತು ಹನ್ನೆರಡು ಜನ ಕೂತಿದ್ದೆವು. ನಾನು ಎದ್ದು ಚೆಸ್ಟರ್ ಹಾಗೇ ಅಳುಮೋರೆ ಮಾಡಿ ಹಾಡಿದೆ. "ಇವನಿಗೆ ಎಂತ ಭಾರ ಮಾರಾಯ? ದುಡ್ಡಿನ ಭಾರವಾ?" ಅಂದೆ. ಎಲ್ಲ ನಕ್ಕರು. ಇನ್ನೊಮ್ಮೆ ಮಾಡು ಅಂದರು. ಮಾಡಿದೆ.

ಜುಲೈ 20ಕ್ಕೆ ಚೆಸ್ಟರ್ ತನ್ನ ಪ್ರಾಣ ತಾನೇ ತೆಗೆದುಕೊಂಡ. 41 ವರ್ಷ. ನನಗೆ ಮರುದಿನ ಬೆಳಿಗ್ಗೆ ಶಿವಮೊಗ್ಗದ ಬಸ್ಸಿನಲ್ಲಿ ಗೊತ್ತಾಯಿತು. ಕೊಪ್ಪ ಫೋನು ಮಾಡಿ ಅತ್ತ. ಆ ರಾತ್ರಿಯ ಮಾತು ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಏಳು ವರ್ಷ ಆದರೂ ಎತ್ತಿಲ್ಲ. 'ಹೆವಿ'ಯನ್ನು ಆಮೇಲೆ ನಾನು ಒಂದು ಸಲವೂ ಪೂರ್ತಿ ಕೇಳಿರಲಿಲ್ಲ.

ಅಪ್ಪಯ್ಯ ಇಷ್ಟು ಹೊತ್ತು ವೈಪರ್ ನೋಡುತ್ತಾ ಕೂತಿದ್ದವರು ತಿರುಗಿದರು. "ಮೊದಲಿನವನು ಹೋಗಿ ಎಷ್ಟು ವರ್ಷ ಆಯ್ತು?"

"ಏಳು ವರ್ಷ, ಅಪ್ಪಯ್ಯ."

"ಏಳು ವರ್ಷ ಮೇಳ ಹೊರಡ್ಲೇ ಇಲ್ವಾ?"

ಇಲ್ಲ ಅಂದೆ.

"ನಮ್ಮಲ್ಲಿ ಹಾಗಾಗಲಿಲ್ಲ. ನಾವಡರು ಹೋದ ಮೇಲೂ ಆಟ ನಿಲ್ಲಲಿಲ್ಲ."

ಯಕ್ಷಗಾನದ ಭಾಗವತ ಕಾಳಿಂಗ ನಾವಡರ ಹೆಸರು ಬಂದರೆ ಅಪ್ಪಯ್ಯನ ಮಾತಿನ ವೇಗವೇ ಬೇರೆ. ಅವರ ಕ್ಯಾಸೆಟ್ಟುಗಳು ಮನೆಯಲ್ಲಿ ಹಳೆಯ ಬಿಸ್ಕತ್ತಿನ ಡಬ್ಬದಲ್ಲಿ ಇನ್ನೂ ಇವೆ. ಹಾಕಲು ಟೇಪ್‌ರೆಕಾರ್ಡರ್ ಇಲ್ಲ. ಬಡಗುತಿಟ್ಟಿನ ಪದ್ಯಕ್ಕೆ ನಾವಡರು ಹೊಸ ಹೊಸ ರಾಗ ತಂದಾಗ ಅಜ್ಜನ ವಾರಿಗೆಯವರು ಮುಖ ಸಿಂಡರಿಸಿದ್ದರಂತೆ. ಸಂಪ್ರದಾಯ ಕೆಟ್ಟಿತು, ಇದೆಂಥ ಸಿನಿಮಾ ಹಾಡು ಅಂತ. ಅಪ್ಪಯ್ಯ ಮಾತ್ರ ಸಾಲಿಗ್ರಾಮ ಮೇಳ ಘಟ್ಟ ಹತ್ತಿ ಬಂದರೆ ಟಾರ್ಚು ಹಿಡಿದು ಹೊರಟುಬಿಡುತ್ತಿದ್ದರು. 1990ರಲ್ಲಿ ನಾವಡರು ರಸ್ತೆ ಅಪಘಾತದಲ್ಲಿ ಹೋದರು. ವಯಸ್ಸು ಮೂವತ್ತರ ಆಸುಪಾಸು, ಅಷ್ಟೇ.

"ಎರಡು ವರ್ಷ ನಾನು ಆಟಕ್ಕೇ ಹೋಗ್ಲಿಲ್ಲ," ಅಂದರು ಅಪ್ಪಯ್ಯ. "ಆಮೇಲೆ ಹೋದೆ. ಆಟ ಬೇಕಲ್ಲ. ಬೆಳಗಿನವರೆಗೆ ಕೂತು ಆ ಭಾಗವತರಲ್ಲಿ ಬರೀ ತಪ್ಪು ಹುಡುಕಿದೆ. ಇಲ್ಲಿ ಶ್ರುತಿ ಸಾಲದು, ಅಲ್ಲಿ ತಾಳ ಎಳೀತು ಅಂತ. ಪಾಪ, ಅವರು ಚೆನ್ನಾಗೇ ಹಾಡ್ತಿದ್ರು."

ಕೊಪ್ಪನಿಗೆ ಇದು ತನಗೇ ಹೇಳಿದ್ದು ಅನ್ನಿಸಿರಬೇಕು. "ಆದ್ರೆ ಇಲ್ಲಿ ಬಂದಿರೋದು ಹೆಂಗಸು, ಅಪ್ಪಯ್ಯ."

"ತೆಂಕಿನಲ್ಲಿ ಲೀಲಾವತಿ ಬೈಪಾಡಿತ್ತಾಯರು ಇಲ್ವಾ? ಚೆಂಡೆ ಎದುರು ಇಡೀ ರಾತ್ರಿ ಹಾಡಿದವರು. ಅದೆಂತದು ನಿಮ್ಮದು, ಮೂರು ನಿಮಿಷದ ಹಾಡು."

ಸೊರಬ ನಕ್ಕು ಗೇರು ತಪ್ಪಿಸಿದ.

ಗುಡಿಗಾರರ ಮನೆ ಮುಂದೆ ಸಂತೆಯಷ್ಟು ಜನ. ಪ್ಲಾಸ್ಟಿಕ್ ಹಾಳೆಯ ಕೆಳಗೆ ಸಾಲಾಗಿ ಗಣಪತಿಗಳು, ಒಂದೊಂದರ ಮಣೆಗೂ ಹೆಸರಿನ ಚೀಟಿ. ಮಳೆಗೆ ಬಣ್ಣ ಒಣಗಿರಲಿಲ್ಲ. ಮುಕ್ಕಾಲು ಗಂಟೆ ನಿಲ್ಲಿಸಿದರು. ಆ ಮುಕ್ಕಾಲು ಗಂಟೆ ಇವರಿಬ್ಬರದು ಮತ್ತೆ ಅದೇ ಜಗಳ. ಟೀ ಕುಡಿದರು, ಮತ್ತೆ ಜಗಳ. ನಾನು ಹೋಗಿ ಪಟಾಕಿ, ಎರಡು ಕಟ್ಟು ಊದುಬತ್ತಿ ತಂದೆ.

ವಾಪಸು ಬರುವಾಗ ಗಣಪತಿ ಅಪ್ಪಯ್ಯನ ತೊಡೆಯ ಮೇಲೆ. ಮೇಲೆ ಒಗೆದ ಪಂಚೆ ಹೊದೆಸಿತ್ತು. ಹೊಂಡ ಬಂದಾಗಲೆಲ್ಲ ಅಪ್ಪಯ್ಯ ಎರಡೂ ಕೈಯಲ್ಲಿ ಮಣೆ ಹಿಡಿಯುತ್ತಿದ್ದರು. ದೇವರು ಇದ್ದಾನೆ ಅಂತ ಸೊರಬ ಹಾಡು ಹಾಕಿರಲಿಲ್ಲ. ಯಾರೂ ಮಾತಾಡಲಿಲ್ಲ.

"ಎಂತ, ಸುಮ್ನಾದ್ರಲ್ಲ?" ಅಂದರು ಅಪ್ಪಯ್ಯ. "ಆ ಹೋದವನದ್ದು ಒಂದು ಹಾಕಿ ನೋಡುವ. ಹೆಂಗಸಿಂದು ಕೇಳಿ ಆಯ್ತಲ್ಲ."

ಕೊಪ್ಪ ಫೋನು ತೆಗೆದ. ಹುಡುಕಿದ. ಎಲ್ಲರಿಗೂ ಬಾಯಿಪಾಠ ಇರುವ ಆ ನಾಲ್ಕೈದು ಹಾಡುಗಳಲ್ಲಿ ಒಂದನ್ನು ಹಾಕುತ್ತಾನೆ ಅಂದುಕೊಂಡೆ. ಅವನು 'ಹೆವಿ' ಹಾಕಿದ. ನನ್ನ ಕಡೆ ನೋಡಲಿಲ್ಲ.

ಚೆಸ್ಟರ್ ಮೆಲ್ಲಗೆ ಹಾಡತೊಡಗಿದ. ಮೂರು ನಿಮಿಷವೂ ಇಲ್ಲ ಆ ಹಾಡು. ಅಷ್ಟೂ ಹೊತ್ತು ನಾನು ಅಪ್ಪಯ್ಯನ ತೊಡೆಯ ಮೇಲಿನ ಪಂಚೆಯ ಅಂಚು ನೋಡುತ್ತಾ ಕೂತಿದ್ದೆ. ಸೊರಬ ಕಾರನ್ನು ಇಪ್ಪತ್ತರಲ್ಲಿ ಓಡಿಸುತ್ತಿದ್ದ. ಹಿಂದಿನವರು ಹಾರನ್ ಹೊಡೆದರೂ ದಾರಿ ಬಿಡಲಿಲ್ಲ.

ಹಾಡು ಮುಗಿಯಿತು.

"ಶಾರೀರ ಚೆನ್ನಾಗಿದೆ ಇವನಿಗೆ," ಅಂದರು ಅಪ್ಪಯ್ಯ. "ಇನ್ನೊಮ್ಮೆ ಹಾಕು."

ಕೊಪ್ಪ ಇನ್ನೊಮ್ಮೆ ಹಾಕಿದ.