ಕಪ್ಪೆಗೆ ಈ ಚಳಿಗಾಲ ಗರಾಜಿನಲ್ಲೇ ವಾಸ: ಮಿಯಾಟಾ ರಿಪೇರಿ ಡೈರಿ

ನವೆಂಬರ್, ಎರಡನೇ ವಾರ

ಕಾರು ಮನೆಗೆ ಬಂತು. 1990ರ ಮಾಜ್ದಾ ಮಿಯಾಟಾ, ಎರಡೇ ಸೀಟಿನ ಓಪನ್ ಕಾರು. ಕೆಂಪು ಬಣ್ಣ, 1.6 ಲೀಟರ್ ಎಂಜಿನ್, ಐದು ಗೇರ್, ಮೀಟರಿನಲ್ಲಿ 1,12,000 ಮೈಲಿ. ಸ್ವಿಚ್ ಒತ್ತಿದರೆ ಎರಡು ಹೆಡ್‌ಲೈಟೂ ಕಣ್ಣು ಬಿಟ್ಟ ಹಾಗೆ ಮೇಲೇಳುತ್ತವೆ. ಮಗಳು ನೋಡಿದ ತಕ್ಷಣ ‘ಕಪ್ಪೆ’ ಅಂದಳು. ಅದೇ ಹೆಸರು ಉಳಿಯಿತು.

ನಾನಿರುವುದು ಡೆಟ್ರಾಯ್ಟ್ ಪಕ್ಕ, ಕೆಲಸವೂ ಕಾರು ಕಂಪನಿಯಲ್ಲೇ. ಆದರೆ ನನ್ನದು ಸಾಫ್ಟ್‌ವೇರ್. ಇಷ್ಟು ವರ್ಷದಲ್ಲಿ ಉಗುರಿನ ಸಂದಿಗೆ ಒಂದು ಚೂರು ಗ್ರೀಸ್ ಹೋಗಿರಲಿಲ್ಲ. ಅದಕ್ಕೇ ಸುಲಭದ ಕಾರು ಹುಡುಕಿದ್ದು. 1989ರ ಫೆಬ್ರವರಿಯಲ್ಲಿ ಶಿಕಾಗೋ ಆಟೋ ಶೋದಲ್ಲಿ ಮಾಜ್ದಾ ಇದನ್ನು ತೋರಿಸಿದಾಗ ಎಲ್ಲರಿಗೂ ನೆನಪಾಗಿದ್ದು ಲೋಟಸ್ ಎಲಾನ್‌ನಂಥ ಹಳೇ ಬ್ರಿಟಿಷ್ ಕಾರುಗಳು. ಅವುಗಳ ಮಜಾ ಹಿರೋಶಿಮಾದವರು ಇಟ್ಟುಕೊಂಡರು, ಎಣ್ಣೆ ಸೋರುವ ಚಾಳಿಯನ್ನು ಬಿಟ್ಟರು. ಪೂರ್ತಿ ಬಿಟ್ಟಿಲ್ಲ, ಅದು ಆಮೇಲೆ ಗೊತ್ತಾಯಿತು.

ಸಾಗರದಲ್ಲಿರುವ ಅಮ್ಮನಿಗೆ ವಿಡಿಯೋ ಕಾಲಿನಲ್ಲಿ ತೋರಿಸಿದೆ.

“ಇದಕ್ಕೆ ಮಾಡೇ ಇಲ್ವಲ್ಲೋ! ಮಳೆ ಬಂದ್ರೆ?”

“ಇದೆ ಅಮ್ಮಾ, ಬಟ್ಟೇದು. ಹಿಂದೆ ಮಡಚಿಟ್ಟಿದೀನಿ.”

“ಬಟ್ಟೇದಾ? ಆ ನೀರೆಲ್ಲಾ ಎಲ್ಲಿಗೆ ಹೋಗತ್ತೆ?”

ಮಲೆನಾಡಿನವರಿಗೆ ಮೊದಲು ಬರುವ ಪ್ರಶ್ನೆಯೇ ಅದು. ನಾನು ನಕ್ಕು ಸುಮ್ಮನಾದೆ. ನನ್ನ ತಲೆಯಲ್ಲಿ ಇದ್ದಿದ್ದು ಕ್ರ್ಯಾಂಕ್.

ನವೆಂಬರ್ ಕೊನೆ

ಕ್ರ್ಯಾಂಕ್ ಹೆದರಿಕೆ ಏನು ಅಂತ ಹೇಳಿಬಿಡುತ್ತೇನೆ. ಮೊದಮೊದಲ 1.6 ಎಂಜಿನ್‌ಗಳಲ್ಲಿ ಕ್ರ್ಯಾಂಕ್‌ಶಾಫ್ಟಿನ, ಅಂದರೆ ಪಿಸ್ಟನ್‌ಗಳು ತಿರುಗಿಸುವ ಮುಖ್ಯ ದಂಡದ, ಮುಂದಿನ ಮೂತಿ ಗಿಡ್ಡ. ಅದರ ತುದಿಯ ಬೋಲ್ಟನ್ನು ಯಾರಾದರೂ ಸರಿಯಾಗಿ ಬಿಗಿ ಮಾಡದೆ ಬಿಟ್ಟರೆ, ಪುಲ್ಲಿ ಹಿಡಿದಿರುವ ‘ಕೀ’ ಅನ್ನುವ ಸಣ್ಣ ಲೋಹದ ತುಂಡು ಮೆಲ್ಲಗೆ ಅಲುಗಾಡಿ ತಾನು ಕೂತ ತೋಡನ್ನೇ ಸವೆಸುತ್ತದೆ. ಆಮೇಲೆ ಟೈಮಿಂಗ್ ತಪ್ಪುತ್ತದೆ, ಎಂಜಿನ್ನಿನ ದಮ್ಮು ಹೋಗುತ್ತದೆ. ಗುರುತು ಹಿಡಿಯುವುದು ಸುಲಭ: ಪುಲ್ಲಿಯ ನಡುವೆ ನಾಲ್ಕು ಕಚ್ಚು ಇದ್ದರೆ ಗಿಡ್ಡ ಮೂತಿ, ಎಂಟಿದ್ದರೆ ಉದ್ದ ಮೂತಿ. ಟಾರ್ಚ್ ಬಿಟ್ಟು ನೋಡಿದೆ. ನಾಲ್ಕು.

ಆ ರಾತ್ರಿ ನಿದ್ದೆ ಬರಲಿಲ್ಲ.

ಡಿಸೆಂಬರ್

ಕ್ರ್ಯಾಂಕಿಗೂ ವಾಲ್ವ್ ತೆರೆಯುವ ಕ್ಯಾಮ್‌ಗಳಿಗೂ ತಾಳ ತಪ್ಪದ ಹಾಗೆ ನೋಡಿಕೊಳ್ಳುವ ಟೈಮಿಂಗ್ ಬೆಲ್ಟನ್ನು 60,000 ಮೈಲಿಗೊಮ್ಮೆ ಬದಲಾಯಿಸಬೇಕು. ಹಿಂದಿನವರು ಯಾವಾಗ ಹಾಕಿಸಿದ್ದರೋ, ಚೀಟಿ ಇಲ್ಲ. ಹೇಗೂ ಬಿಚ್ಚುವುದೇ ಆಯಿತಲ್ಲ ಅಂತ ವಾಟರ್ ಪಂಪ್, ಆಯಿಲ್ ಸೀಲ್‌ಗಳನ್ನೂ ತರಿಸಿದೆ. ಒಂದು ಸಮಾಧಾನ ಇದೆ. ಈ ಎಂಜಿನ್ನಿನಲ್ಲಿ ಬೆಲ್ಟ್ ಹರಿದರೂ ವಾಲ್ವಿಗೆ ಪಿಸ್ಟನ್ ಬಡಿಯುವುದಿಲ್ಲ. ನನ್ನಂಥ ಹೊಸಬನಿಗೆ ಅದೇ ದೊಡ್ಡ ಧೈರ್ಯ.

ಕ್ರ್ಯಾಂಕಿನ ತುದಿಯ 21 ಎಂ.ಎಂ. ಬೋಲ್ಟ್ ಬಿಚ್ಚಲು ಕಾರನ್ನು ಐದನೇ ಗೇರಿಗೆ ಹಾಕಿ ಹೆಂಡತಿಯನ್ನು ಸೀಟಿನಲ್ಲಿ ಕೂರಿಸಿ ಬ್ರೇಕ್ ಒತ್ತಿಸಿದೆ. ‘ಟಕ್’ ಅಂದಿತು. ಅವಳು, “ಏನ್ರೀ, ಮುರೀತಾ?” ಮುರಿದಿರಲಿಲ್ಲ, ಬಿಟ್ಟುಕೊಂಡಿತ್ತು. ಕೀ ತೆಗೆದು ನೋಡಿದರೆ ತೋಡಿನ ಅಂಚು ಹೊಸದರ ಹಾಗೆ ಚೂಪಾಗಿದೆ! ಹದಿನೈದು ದಿನ ಹೆದರಿದ್ದು ಸುಮ್ನೆ. ಹೊಸ ಕೀ, ಹೊಸ ಬೋಲ್ಟ್ ಹಾಕಿ ಟಾರ್ಕ್ ವ್ರೆಂಚಿನಲ್ಲೇ ಬಿಗಿ ಮಾಡಿದೆ. ಅಂದಾಜಿನ ಮೇಲೆ ಬಿಗಿ ಮಾಡುವ ಜಾಗ ಇದಲ್ಲ.

ಬೆಲ್ಟ್ ಕೂರಿಸಿದ ಮೇಲೆ ಎರಡು ಕ್ಯಾಮ್ ಪುಲ್ಲಿಯ ಗುರುತುಗಳ ನಡುವೆ 19 ಹಲ್ಲು ಇರಬೇಕು. ನಾನು ಎಣಿಸಿದಾಗ 19. ಕ್ರ್ಯಾಂಕನ್ನು ಕೈಯಲ್ಲೇ ಎರಡು ಸುತ್ತು ತಿರುಗಿಸಿ ಎಣಿಸಿದರೆ 18. ಹೆಂಡತಿ ಎಣಿಸಿದಾಗಲೂ 18. ಮತ್ತೆ ಬಿಚ್ಚಿದೆ. ಮೂರನೇ ಸಲಕ್ಕೆ ಸರಿ ಕೂತಿತು.

ಎಂಜಿನ್ನಿನ ಹಿಂಭಾಗದಲ್ಲಿ ಎಣ್ಣೆ ಇಳಿದ ಕಪ್ಪು ಗೆರೆ ಇತ್ತು. ಇಂಥದ್ದನ್ನು ನೋಡಿ ಕ್ರ್ಯಾಂಕಿನ ಹಿಂದಿನ ಸೀಲ್ ಹೋಗಿದೆ ಅಂತ ಗೇರ್‌ಬಾಕ್ಸನ್ನೇ ಇಳಿಸಿದವರು ಇದ್ದಾರೆ. ನನ್ನದರಲ್ಲಿ ಹೋಗಿದ್ದು ಕ್ಯಾಮ್ ಎಷ್ಟು ತಿರುಗಿದೆ ಅಂತ ನೋಡುವ ಕ್ಯಾಮ್ ಆಂಗಲ್ ಸೆನ್ಸರಿನ ಓ-ರಿಂಗ್, ಅಂದರೆ ಎಣ್ಣೆ ತಡೆಯುವ ರಬ್ಬರ್ ಬಳೆ. ಕಲ್ಲಿನ ಹಾಗೆ ಗಟ್ಟಿಯಾಗಿತ್ತು. ಸೆನ್ಸರ್ ತೆಗೆಯುವ ಮೊದಲು ಅದು ಕೂತ ಜಾಗಕ್ಕೆ ಬಿಳಿ ಬಣ್ಣದ ಗೀಟು ಎಳೆದುಕೊಳ್ಳಿ. ಅದು ಚೂರು ತಿರುಗಿದರೂ ಇಗ್ನಿಷನ್ ಟೈಮಿಂಗ್ ಬದಲಾಗುತ್ತದೆ. ವಾಪಸ್ ಹಾಕಿದ ಮೇಲೆ ಟೈಮಿಂಗ್ ಲೈಟ್ ಹಿಡಿದು 10 ಡಿಗ್ರಿಗೆ ತಂದೆ. ಐಡಲ್ ನಿಮಿಷಕ್ಕೆ 850 ಸುತ್ತಿಗೆ ನಿಂತಿತು.

ಕ್ಲಚ್ಚಿನ ಸ್ಲೇವ್ ಸಿಲಿಂಡರೂ ಸೋರುತ್ತಿತ್ತು. ಬದಲಾಯಿಸಿದೆ. ಅದರಲ್ಲಿ ಹೇಳುವಂಥದ್ದೇನಿಲ್ಲ.

ಜನವರಿ

ಸೀಟಿನ ಹಿಂದಿನ ಕಾರ್ಪೆಟ್ ಮುಟ್ಟಿದೆ. ಒದ್ದೆ. ಗರಾಜಿಗೆ ಬಂದು ಎರಡು ತಿಂಗಳಾದರೂ ಒದ್ದೆ!

ಪ್ಲಾಸ್ಟಿಕ್ ಪಟ್ಟಿಗಳನ್ನು ಬಿಚ್ಚಲು ಹೋಗಿ ಎರಡು ಸ್ಕ್ರೂ ತಲೆ ಹಾಳು ಮಾಡಿದೆ. ಜಪಾನಿನ ಸ್ಕ್ರೂಗಳು ನೋಡಲು ಫಿಲಿಪ್ಸ್ ಥರವೇ ಇರುತ್ತವೆ, ಆದರೆ ಅವು ಜೆಐಎಸ್, ಅಂದರೆ ಜಪಾನಿನದೇ ಅಳತೆಯವು. ತಲೆಯ ಮೇಲೆ ಎಷ್ಟೋ ಸಲ ಒಂದು ಸಣ್ಣ ಚುಕ್ಕೆ ಇರುತ್ತದೆ. ಫಿಲಿಪ್ಸ್ ಹಾಕಿದರೆ ಜಾರಿ ತಲೆ ತಿಂದುಬಿಡುತ್ತದೆ. ಒಂದು ಸೆಟ್ ಜೆಐಎಸ್ ಸ್ಕ್ರೂಡ್ರೈವರ್ ಮೊದಲೇ ತಗೊಳ್ಳಿ.

ಒಳಗೆ ನೋಡಿದಾಗ ಅಮ್ಮನ ಪ್ರಶ್ನೆಗೆ ಉತ್ತರ ಸಿಕ್ಕಿತು. ಬಟ್ಟೆಯ ಮಾಡಿನಿಂದ ಇಳಿದ ನೀರು ಹಿಂದಿನ ಒಂದು ಕಾಲುವೆಗೆ ಬೀಳುತ್ತದೆ. ಅಲ್ಲಿಂದ ಎರಡೂ ಪಕ್ಕ ಒಂದೊಂದು ಕೊಳವೆ, ಹಿಂದಿನ ಚಕ್ರದ ಮುಂದೆ ನೆಲಕ್ಕೆ. ನಮ್ಮ ಮನೆಯ ಸೂರಿಗೆ ಕಟ್ಟುತ್ತಿದ್ದ ಅಡಿಕೆ ದಂಬೆ ಇದ್ದ ಹಾಗೇ. ಮಳೆಗಾಲಕ್ಕೆ ಮುಂಚೆ ಅಪ್ಪ ಏಣಿ ಹತ್ತಿ ಅದರ ತರಗೆಲೆ ತೆಗೆಯುತ್ತಿದ್ದರು. ಈ ಕಾರಿನ ಕೊಳವೆಯಲ್ಲಿ ಮೇಪಲ್ ಎಲೆ ಕೊಳೆತು ಗೊಬ್ಬರವಾಗಿತ್ತು. ನೀರು ಉಕ್ಕಿ ಒಂದಷ್ಟು ಕಾರ್ಪೆಟ್ಟಿಗೆ, ಉಳಿದಿದ್ದು ಬಾಗಿಲ ಕೆಳಗಿನ ರಾಕರ್ ಪ್ಯಾನೆಲ್ ಒಳಗೆ. ಹೊರಗಿನಿಂದ, ಹಿಮ ಕರಗಿಸಲು ರಸ್ತೆಗೆ ಹಾಕುವ ಉಪ್ಪು. ತುಕ್ಕು ಹಿಡಿಯದೆ ಇನ್ನೇನು ಉಳಿದೀತು?

ಅಯಸ್ಕಾಂತ ಹಿಡಿದೆ. ಎಡಗಡೆ ಹಿಂದಿನ ತುದಿಯಲ್ಲಿ ಕಚ್ಚಲಿಲ್ಲ. ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿದರೆ ‘ಡಬ್ ಡಬ್’. ಯಾರೋ ಪುಟ್ಟಿ ಮೆತ್ತಿ ಬಣ್ಣ ಬಳಿದಿದ್ದರು. ಕೆರೆದಾಗ ನನ್ನ ಅಂಗೈ ಹೋಗುವಷ್ಟು ತೂತು. ಮಾರಿದವರ ಮೇಲೆ ಸಿಟ್ಟು ಬಂತು, ಆದರೆ ಕೊಳ್ಳುವಾಗ ನಾಲ್ಕು ಕಚ್ಚು ಹುಡುಕುವುದರಲ್ಲೇ ಇದ್ದವನು ನಾನೇ ಅಲ್ವಾ?

ಫೆಬ್ರವರಿ

ಬೆಸುಗೆ ಹಾಕಲು ನನಗೆ ಬರುವುದಿಲ್ಲ, ಗೆಳೆಯನೊಬ್ಬ ಮಿಗ್ ಮೆಷಿನ್ ತಂದ. ಡಿಕ್ಕಿಯಲ್ಲಿರುವ ಬ್ಯಾಟರಿ ಬಿಚ್ಚಿಟ್ಟೆವು. ಪೆಟ್ರೋಲ್ ಟ್ಯಾಂಕ್ ಸೀಟಿನ ಹಿಂದೆಯೇ ಇದೆ, ಹಾಗಾಗಿ ಒದ್ದೆ ಕಂಬಳಿ ಅಡ್ಡ ಇಟ್ಟು ನಾನು ಬೆಂಕಿ ಆರಿಸುವ ಸಿಲಿಂಡರ್ ಹಿಡಿದು ನಿಂತೆ. ಅಷ್ಟೇ ನನ್ನ ಪಾತ್ರ.

ಮಾಡಿಲ್ಲದ ಕಾರಿನ ಬಲವೆಲ್ಲಾ ಇರುವುದು ಈ ರಾಕರ್‌ಗಳಲ್ಲಿ. ಜಾಸ್ತಿ ಕತ್ತರಿಸಿದರೆ ನಡು ಬಗ್ಗಿ ಬಾಗಿಲೇ ಮುಚ್ಚುವುದಿಲ್ಲ. ಅದಕ್ಕೆ ಸ್ವಲ್ಪ ಕತ್ತರಿಸು, ಹೊಸ ತಗಡು ಹಚ್ಚು, ಬಾಗಿಲ ಸಂದಿ ಅಳೆ, ಮತ್ತೆ ಸ್ವಲ್ಪ ಕತ್ತರಿಸು. ಎರಡು ಭಾನುವಾರ ಹೋಯಿತು. ಕೊನೆಗೆ ಒಳಗೆಲ್ಲಾ ಮೇಣ ಸಿಂಪಡಿಸಿದೆವು. ಹೊರಗೆ ಪ್ರೈಮರ್ ಮಾತ್ರ. ಈ ಚಳಿಯಲ್ಲಿ ಬಣ್ಣ ಒಣಗುವುದಿಲ್ಲ.

ಮಾರ್ಚ್ ಕೊನೆ

ಹುಲ್ಲು ಕತ್ತರಿಸುವ ಮೆಷಿನ್ನಿನ ನೈಲಾನ್ ದಾರ ತೂರಿಸಿ ಕೊಳವೆ ಬಿಡಿಸಿದೆ. ತಂತಿ ಹಾಕಿದರೆ ಕೊಳವೆಯೇ ತೂತಾಗುವ ಭಯ. ಅಮ್ಮನನ್ನು ವಿಡಿಯೋ ಕಾಲಿನಲ್ಲಿ ಕೂರಿಸಿ ಕಾಲುವೆಗೆ ಒಂದು ತಂಬಿಗೆ ನೀರು ಹೊಯ್ದೆ. ಎಡಗಡೆ ಧೋ ಅಂತ ಸುರಿಯಿತು. ಬಲಗಡೆ ಎಷ್ಟೋ ಹೊತ್ತಿನ ಮೇಲೆ ತೊಟಕ್, ತೊಟಕ್.

“ಆ ಕಡೆ ಇನ್ನೂ ಕಸ ಇದೆ ಕಣೋ” ಅಂದರು ಅಮ್ಮ.

ದಾರ ಮತ್ತೆ ಕೈಗೆ ತಗೊಂಡೆ.