ಅಕ್ಕಾ, ತಪ್ಪು ನಂದಾ?

ಬೆಳಗ್ಗಿನಿಂದ ಮಡಿಕೇರಿಯಲ್ಲಿ ಮಳೆ ಬಿಟ್ಟಿಲ್ಲ. ಮಧ್ಯಾಹ್ನ ತೋಟದ ಕೆಲಸಗಾರರ ಲೈನ್‌ಮನೆಯ ಹುಡುಗಿ ಕೊಡೆ ಹಿಡಿದು ಬಂದಳು. ಮುಖ ಬಾಡಿತ್ತು. ಕಳೆದ ಹುತ್ತರಿ ಹಬ್ಬದಲ್ಲಿ ತೆಗೆದ ಅವಳ ಫೋಟೋ ಕದ್ದು, ಯಾರೋ ಸಾಮಾಜಿಕ ಜಾಲತಾಣದಲ್ಲಿ ಅವಳ ಹೆಸರಲ್ಲೇ ಖಾತೆ ತೆರೆದಿದ್ದಾರೆ. ಕೆಳಗೆಲ್ಲ ಅಸಹ್ಯದ ಮಾತು. ಎರಡು ಸಲ ರಿಪೋರ್ಟ್ ಮಾಡಿದ್ದಾಳೆ. ಎರಡು ಸಲವೂ ಇಂಗ್ಲಿಷಿನಲ್ಲಿ ಅದೇ ಉತ್ತರ. ಅದನ್ನು ಓದಿಸಲು ನನ್ನ ಹತ್ತಿರ ಬಂದಿದ್ದಳು. 'ನಮ್ಮ ನಿಯಮ ಮೀರಿದಂತೆ ಕಾಣುತ್ತಿಲ್ಲ' ಅಂತಿತ್ತು.

"ಅಕ್ಕಾ, ಹಾಗಂದ್ರೆ ತಪ್ಪು ನಂದಾ?"

ಗಂಟಲು ಕಟ್ಟಿತು ನನಗೆ.

ಇನ್ನೊಬ್ಬರ ಹೆಸರಲ್ಲಿ ಸೋಗು ಹಾಕಿದ್ದರೆ, ದೂರು ಬಂದ 24 ಗಂಟೆಯೊಳಗೆ ಜಾಲತಾಣ ಕ್ರಮ ತೆಗೆದುಕೊಳ್ಳಬೇಕು ಅಂತ ಕೇಂದ್ರದ 2021ರ ಐಟಿ (ಮಾಹಿತಿ ತಂತ್ರಜ್ಞಾನ) ನಿಯಮದಲ್ಲೇ ಬರೆದಿತ್ತು. ದೊಡ್ಡ ಸಾಮಾಜಿಕ ಜಾಲತಾಣಗಳು ಭಾರತದಲ್ಲೇ ವಾಸವಿರುವ ಕುಂದುಕೊರತೆ ಅಧಿಕಾರಿಯನ್ನು ಇಡಬೇಕು. ಅವರ ಉತ್ತರ ಒಪ್ಪಿಗೆಯಾಗದಿದ್ದರೆ 30 ದಿನದೊಳಗೆ ಕೇಂದ್ರದ ಮೇಲ್ಮನವಿ ಸಮಿತಿಗೆ ಹೋಗಬಹುದು. 2023ರಿಂದ ಅದೂ ಇದೆ, ಆನ್‌ಲೈನಿನಲ್ಲೇ.

ಆದರೆ ಇದನ್ನೆಲ್ಲ ಅವಳಿಗೆ ಯಾರು ಹೇಳಬೇಕಿತ್ತು? ಅವಳ ಫೋನಿಗೆ ಜಾಹೀರಾತು ಚೆಂದದ ಕನ್ನಡದಲ್ಲೇ ಬರುತ್ತದೆ. ದೂರಿಗೆ ಕನ್ನಡದಲ್ಲಿ ಉತ್ತರ ಕೊಡುವ ಒಬ್ಬ ಮನುಷ್ಯ ಮಾತ್ರ ಅವಳಿಗೆ ಸಿಗಲಿಲ್ಲ. ಅಷ್ಟು ದುಡ್ಡು, ಅಷ್ಟು ಶಕ್ತಿ ಇರುವವರಿಗೆ ಇದು ದೊಡ್ಡ ಕೆಲಸ ಅಲ್ಲವೇ ಅಲ್ಲ. 2018ರ ಭೂಕುಸಿತದಲ್ಲಿ ಎಲ್ಲಿ ಯಾರು ಸಿಕ್ಕಿಕೊಂಡಿದ್ದಾರೆ ಅಂತ ಸುದ್ದಿ ಮುಟ್ಟಿಸಿದ್ದೂ ಇದೇ ಫೋನುಗಳು. ಅದಕ್ಕೇ ಜಾಸ್ತಿ ನೋವಾಗುತ್ತದೆ.

ಇಬ್ಬರೂ ಕೂತು ದೂರು ಬರೆದಿದ್ದೇವೆ. ಕರೆಂಟ್ ಇಲ್ಲ, ನೆಟ್‌ವರ್ಕೂ ಇಲ್ಲ. ಬಂದ ಕೂಡಲೇ ಕಳಿಸುತ್ತೇವೆ.