ಹೋಮ್ ಲ್ಯಾಬ್ ಅಪ್‌ಡೇಟ್: ಮಹಡಿ ಸ್ವಿಚ್ಚಿಗೆ ಎರಡನೇ ಲಿಂಕ್

ಕೆಳಮನೆಯ ನೆಟ್‌ವರ್ಕ್ ಸ್ವಿಚ್ಚಿಗೂ (ಕಂಪ್ಯೂಟರುಗಳನ್ನು ಕೇಬಲ್‌ನಲ್ಲಿ ಜೋಡಿಸುವ ಪೆಟ್ಟಿಗೆ) ಮಹಡಿಯ ಸ್ವಿಚ್ಚಿಗೂ ನಡುವೆ ಎರಡನೇ ಕ್ಯಾಟ್6 ಕೇಬಲ್ ಎಳೆದಾಯಿತು. ಸ್ವಿಚ್ ಎರಡೂ ಸಿಸ್ಕೋ 2960ಎಸ್, ಬೆಂಗಳೂರಿನ ಎಸ್‌.ಪಿ. ರೋಡಿನಲ್ಲಿ ಸೆಕೆಂಡ್ ಹ್ಯಾಂಡ್ ಕೊಂಡವು. ಹಳೆಯವಾದರೂ ಗಟ್ಟಿ.

ಕೇಬಲ್ ಚುಚ್ಚಿದ ಮಾತ್ರಕ್ಕೆ ಏನೂ ಬದಲಾಗಲಿಲ್ಲ, ಆಗಲೂಬಾರದು. ಎರಡು ಸ್ವಿಚ್ಚುಗಳ ನಡುವೆ ಎರಡು ದಾರಿ ಕಂಡರೆ, ಸುತ್ತುದಾರಿ ಆಗದಂತೆ ಕಾಯುವ ಸ್ಪ್ಯಾನಿಂಗ್ ಟ್ರೀ ಎಂಬ ವ್ಯವಸ್ಥೆ ಒಂದನ್ನು ಮುಚ್ಚಿಬಿಡುತ್ತದೆ. ಇಲ್ಲದಿದ್ದರೆ ಒಂದೇ ಒಂದು ಬ್ರಾಡ್‌ಕಾಸ್ಟ್ ಫ್ರೇಮ್ (ಎಲ್ಲರಿಗೂ ಕಳುಹಿಸುವ ಡೇಟಾ ತುಂಡು) ಸುತ್ತಿ ಸುತ್ತಿ ಇಡೀ ನೆಟ್‌ವರ್ಕನ್ನು ಮಲಗಿಸುತ್ತದೆ. ಮಹಡಿಯಲ್ಲಿ 24ನೇ ಪೋರ್ಟಿನ ದೀಪ ಕಿತ್ತಳೆ ಬಣ್ಣದಲ್ಲೇ ನಿಂತಿತು, ಅಂದರೆ ಮುಚ್ಚಿದ ದಾರಿ ಅದು.

ಎರಡನ್ನೂ ಕಟ್ಟಿ ಒಂದೇ ಲಿಂಕ್ ಎಂದು ಸ್ಪ್ಯಾನಿಂಗ್ ಟ್ರೀಗೆ ತೋರಿಸಲು ಎಲ್‌ಎಸಿಪಿ ಆರಿಸಿಕೊಂಡೆ. ಎರಡೂ ಸ್ವಿಚ್ಚುಗಳು ಪರಸ್ಪರ ಮಾತಾಡಿಕೊಂಡು ಲಿಂಕುಗಳನ್ನು ಒಂದಾಗಿಸುವ ವಿಧಾನ ಅದು. 2000ರಲ್ಲಿ 802.3ಎಡಿ ಎಂದು ಬಂದು, 2008ರಲ್ಲಿ 802.1ಎಎಕ್ಸ್‌ಗೆ ಸೇರಿದ ಐಇಇಇ ಸ್ಟ್ಯಾಂಡರ್ಡ್ ಇದು. ನಾಳೆ ಬೇರೆ ಕಂಪನಿಯ ಸ್ವಿಚ್ ತಂದರೂ ನಡೆಯುತ್ತದೆ. 'ಆನ್' ಎಂಬ ಇನ್ನೊಂದು ಮೋಡ್ ಇದೆ. ಅದು ಎದುರಿನ ಸ್ವಿಚ್ ಸಿದ್ಧವಿದೆಯೋ ಇಲ್ಲವೋ ಎಂದು ಕೇಳುವ ಗೋಜಿಗೇ ಹೋಗುವುದಿಲ್ಲ, ಹಾಗಾಗಿ ಬೇಡ ಅನ್ನಿಸಿತು. ಎಲ್‌ಎಸಿಪಿಯಲ್ಲೂ ಎರಡೂ ಕಡೆ 'ಪ್ಯಾಸಿವ್' ಇಟ್ಟರೆ ಯಾರೂ ಮೊದಲು ಬಾಯಿ ಬಿಡುವುದಿಲ್ಲ, ಲಿಂಕ್ ಕಟ್ಟಿಕೊಳ್ಳುವುದೇ ಇಲ್ಲ. ನಾನು ಎರಡೂ ಕಡೆ 'ಆ್ಯಕ್ಟಿವ್' ಇಟ್ಟೆ.

ಮಹಡಿಯ ಸ್ವಿಚ್ಚಿಗೆ ಕನ್ಸೋಲ್ ಕೇಬಲ್ (ನೆಟ್‌ವರ್ಕ್ ಇಲ್ಲದೆಯೂ ಸ್ವಿಚ್ಚಿಗೆ ನೇರ ಆದೇಶ ಕೊಡುವ ಕೇಬಲ್) ಹಾಕಿಕೊಂಡೇ ಕೂತೆ. ಅಪ್‌ಲಿಂಕ್ ಎರಡನ್ನೂ ಮುಚ್ಚಿದ ಮೇಲೆ ನೆಟ್‌ವರ್ಕ್ ಮೂಲಕ ಒಳಹೋಗುವ ಎಸ್‌ಎಸ್‌ಎಚ್ ಎಲ್ಲಿಂದ ಬರಬೇಕು? ಎರಡೂ ಕಡೆ 23, 24ನೇ ಪೋರ್ಟುಗಳನ್ನು ಶಟ್‌ಡೌನ್ ಮಾಡಿ, ವಿಎಲ್ಯಾನ್ (ಒಂದೇ ಸ್ವಿಚ್ಚಿನೊಳಗೆ ಬೇರೆಬೇರೆ ಮಾಡಿದ ನೆಟ್‌ವರ್ಕ್) ಪಟ್ಟಿ ಒಂದೇ ಇದೆಯೇ ಎಂದು ನೋಡಿ, 'ಚಾನೆಲ್-ಗ್ರೂಪ್ 1 ಮೋಡ್ ಆ್ಯಕ್ಟಿವ್' ಕೊಟ್ಟು ಮತ್ತೆ ತೆರೆದೆ. 'ಶೋ ಈಥರ್‌ಚಾನೆಲ್ ಸಮ್ಮರಿ'ಯಲ್ಲಿ ಪಿಒ1ರ (ಕಟ್ಟಿದ ಜೋಡಿ ಲಿಂಕ್) ಮುಂದೆ ಎಸ್‌ಯು, ಎರಡೂ ಪೋರ್ಟಿನ ಮುಂದೆ ಪಿ: ಜೋಡಿ ಕೆಲಸ ಮಾಡುತ್ತಿದೆ, ಎರಡೂ ಪೋರ್ಟು ಅದರೊಳಗಿವೆ. ದೀಪಗಳೆರಡೂ ಹಸಿರು.

ನಿಜವಾದ ಕೆಲಸ ಶುರುವಾಗಿದ್ದು ಇಲ್ಲಿಂದ. ಕೆಳಗೆ ನ್ಯಾಸ್ (ಫೈಲ್ ಇಡುವ ನೆಟ್‌ವರ್ಕ್ ಸಂಗ್ರಹ) ಮತ್ತು ಒಂದು ಸರ್ವರ್, ಮೇಲೆ ನನ್ನ ಡೆಸ್ಕ್‌ಟಾಪ್ ಮತ್ತು ಮನೆಯವರ ಲ್ಯಾಪ್‌ಟಾಪ್. ನ್ಯಾಸ್‌ನಿಂದ ಡೆಸ್ಕ್‌ಟಾಪಿಗೆ, ಸರ್ವರ್‌ನಿಂದ ಲ್ಯಾಪ್‌ಟಾಪಿಗೆ ಒಟ್ಟಿಗೇ ಐಪರ್ಫ್3 ಎಂಬ ವೇಗ ಅಳೆಯುವ ಪ್ರೋಗ್ರಾಂ ಓಡಿಸಿದೆ. ಒಂದೊಂದಕ್ಕೂ 470 ಎಂಬಿಪಿಎಸ್ (ಸೆಕೆಂಡಿಗೆ ಮೆಗಾಬಿಟ್) ಆಸುಪಾಸು, ಒಂದು ಗಿಗಾಬಿಟ್ ವೈರಿನ ಅರ್ಧರ್ಧ. ಅಂದರೆ ಇಬ್ಬರೂ ಒಂದೇ ವೈರಿನಲ್ಲಿ ನುಗ್ಗುತ್ತಿದ್ದಾರೆ, ಪಕ್ಕದ್ದು ಖಾಲಿ.

ಸ್ವಿಚ್ ಪ್ಯಾಕೆಟ್ಟುಗಳನ್ನು ಒಂದಾದ ಮೇಲೊಂದರಂತೆ ಎರಡೂ ವೈರಿಗೆ ಹಂಚುವುದಿಲ್ಲ. ಹಂಚಿದರೆ ಒಂದೇ ಸಂಪರ್ಕದ ಫ್ರೇಮುಗಳು ಹಿಂದುಮುಂದಾಗಿ ತಲುಪಬಹುದು. ಅದಕ್ಕೇ ವಿಳಾಸದಿಂದ ಒಂದು ಹ್ಯಾಶ್ (ವಿಳಾಸವನ್ನು ಚಿಕ್ಕ ಸಂಖ್ಯೆಯಾಗಿಸುವ ಲೆಕ್ಕ) ಹಾಕಿ ಇಂಥ ಫ್ರೇಮು ಇಂಥ ವೈರಿಗೆ ಎಂದು ಕಟ್ಟುಮಾಡುತ್ತದೆ. 2960ರಲ್ಲಿ ಡಿಫಾಲ್ಟ್ ಆಗಿ ಕಳುಹಿಸುವವರ ಮ್ಯಾಕ್ (ನೆಟ್‌ವರ್ಕ್ ಕಾರ್ಡಿನ ವಿಳಾಸ) ಒಂದನ್ನೇ ನೋಡುತ್ತದೆ. ನ್ಯಾಸ್, ಸರ್ವರ್ ಎರಡರ ಮ್ಯಾಕ್‌ಗೂ ಸಿಕ್ಕಿದ್ದು 23ನೇ ಪೋರ್ಟೇ. ಇಂಟರ್‌ನೆಟ್‌ನಿಂದ ಬರುವುದಂತೂ ಎಲ್ಲವೂ ರೂಟರ್‌ನ ಮ್ಯಾಕ್ ಹೊತ್ತೇ ಬರುತ್ತದೆ. ಈ ಡಿಫಾಲ್ಟ್ ಇದ್ದಷ್ಟು ದಿನ ಅದಕ್ಕೆ ಎರಡನೇ ವೈರು ಇದ್ದೂ ಇಲ್ಲದಂತೆ.

'ಪೋರ್ಟ್-ಚಾನೆಲ್ ಲೋಡ್-ಬ್ಯಾಲೆನ್ಸ್' ಸಾಲಿನಲ್ಲಿ ಎರಡೂ ತುದಿಯ ಐಪಿ ವಿಳಾಸ ನೋಡುವ ಆಯ್ಕೆ ಕೊಟ್ಟೆ. ಇದು ಇಡೀ ಸ್ವಿಚ್ಚಿಗೆ ಅನ್ವಯಿಸುವ ಸೆಟ್ಟಿಂಗ್, ಮತ್ತು ಹೊರಹೋಗುವ ಟ್ರಾಫಿಕ್‌ಗೆ ಮಾತ್ರ. ಮೇಲಿನಿಂದ ಕೆಳಗಿಳಿಯುವುದನ್ನು ತೀರ್ಮಾನಿಸುವುದು ಮಹಡಿಯ ಸ್ವಿಚ್. ಅಲ್ಲೂ ಬೇರೆಯಾಗಿ ಹಾಕಬೇಕು. ಮತ್ತೆ ಅದೇ ಟೆಸ್ಟ್: ಎರಡಕ್ಕೂ 940ರ ಹತ್ತಿರ. ಗಿಗಾಬಿಟ್ ಲಿಂಕಿನಲ್ಲಿ ಟಿಸಿಪಿಗೆ ಸಿಗುವುದೇ ಅಷ್ಟು.

ಒಬ್ಬರಿಂದ ಒಬ್ಬರಿಗೆ ಒಂದು ದೊಡ್ಡ ಫೈಲ್ ಕಾಪಿ ಮಾಡುವವರಿಗೆ ಇದರಿಂದ ಚಿಕ್ಕಾಸಿನ ಲಾಭವಿಲ್ಲ. ಎರಡು ಗಿಗಾ ವೇಗ ಬೇಕಿದ್ದರೆ 2.5 ಗಿಗಾದ ಸ್ವಿಚ್ಚಿಗೇ ದುಡ್ಡು ಹಾಕುವುದು ವಾಸಿ.

ಪಿಂಗ್ ಓಡುತ್ತಿರುವಾಗಲೇ ಒಂದು ಕೇಬಲ್ ಕಿತ್ತು ನೋಡಿದೆ, ಒಂದೇ ಒಂದು ಉತ್ತರ ತಪ್ಪಿತು. ಕಿತ್ತಾಗ ದೀಪ ಆರುವುದರಿಂದ ಸ್ವಿಚ್ಚಿಗೆ ಕೂಡಲೇ ಗೊತ್ತಾಗುತ್ತದೆ. ನಡುವೆ ಮೀಡಿಯಾ ಕನ್ವರ್ಟರ್ (ಒಂದು ಬಗೆಯ ಕೇಬಲ್‌ನಿಂದ ಇನ್ನೊಂದಕ್ಕೆ ಬದಲಿಸುವ ಪೆಟ್ಟಿಗೆ) ಇದ್ದು, ಆಚೆ ಬದಿ ಸತ್ತರೂ ಈಚೆ ದೀಪ ಉರಿಯುತ್ತಿದ್ದರೆ ಕಥೆ ಬೇರೆ: ಎಲ್‌ಎಸಿಪಿ 30 ಸೆಕೆಂಡಿಗೊಮ್ಮೆ ಕಳುಹಿಸುವ ಸಂದೇಶ ಮೂರು ಸಲ ತಪ್ಪಬೇಕು, ಅಂದರೆ 90 ಸೆಕೆಂಡ್ ಕಾಯಬೇಕು. 'ಆನ್' ಮೋಡಿನಲ್ಲಿ ಅದೂ ಇಲ್ಲ, ಅರ್ಧ ಟ್ರಾಫಿಕ್ ಸುಮ್ಮನೆ ಗುಂಡಿಗೆ ಬೀಳುತ್ತಿರುತ್ತದೆ.

ಬಾಕಿ ಇರುವುದು: ಈಗ ಎರಡೂ ಕೇಬಲ್ ಒಂದೇ ಪೈಪಿನಲ್ಲಿವೆ. ಇಲಿ ಕಡಿದರೆ ಎರಡನ್ನೂ ಕಡಿಯುತ್ತದೆ. ಮಳೆ ನಿಂತ ಮೇಲೆ ಒಂದನ್ನು ಮೆಟ್ಟಿಲ ಕಡೆಯ ಪೈಪಿಗೆ ಬದಲಿಸಬೇಕು, ಎಲೆಕ್ಟ್ರಿಷಿಯನ್‌ಗೆ ಹೇಳಿದ್ದೇನೆ.